ಮುಳ್ಳು ಚುಚ್ಚಿ ನೋಡಿದ ಮೆಚ್ನಿಕಾಫ್

ಮೊದಲೇ ಒಂದು ಮಾತು. ನಾನು ಎಲ್‌ಕೆಜಿಯಿಂದ ಪಿಯುಸಿವರೆಗೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಬರೆಯೋ ವಿಷಯ ಬಯಾಲಜಿ, ನಾನು ಓದ್ತಿರೋದು ಮೆಕ್ಯಾನಿಕಲ್. ಆದ್ರೂ ಬರೆಯೋಕೆ ಕಾರಣ ಒಂದು ಮುಳ್ಳು.

ನಮ್ಮಜ್ಜಿ ಊರು ಮಧುಗಿರಿ ತಾಲ್ಲೂಕಲ್ಲಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತ ಎಸ್ಸೆಸ್ಸೆಲ್ಸಿ ರಿಸಲ್ಟ್ ಟೈಮಲ್ಲಿ ಪೇಪರ್‌ನಲ್ಲಿ ನೋಡಿರ್ತೀರಿ. ರಿಸಲ್ಟ್ ಬಿಟ್ರೆ ಈ ನಾಲ್ಕಕ್ಕೂ ಕಾಮನ್ ಆಗಿರೋದು ಕಮ್ಮಿ ಮಳೆ, ಕಡ್ಲೆಕಾಯಿ, ಕುರಿ ಮತ್ತೆ ಜಾಲಿ ಮುಳ್ಳು. ಹೋದ ವರ್ಷ ಅಜ್ಜಿ ಹೊಲದಿಂದ ಬರುವಾಗ ಅಂಥದೊಂದು ಮುಳ್ಳು ಕಾಲಿಗೆ ಚುಚ್ಚಿದೆ. ಅಜ್ಜಿಗೆ ಹನ್ನೆರಡು ವರ್ಷದಿಂದ ಶುಗರ್. ಪಾದದಲ್ಲಿ ಸ್ಪರ್ಶ ಕಮ್ಮಿಯಾಗಿರೋದ್ರಿಂದ ಚುಚ್ಚಿದ್ದೇ ಗೊತ್ತಾಗಿಲ್ಲ. ವಾರ ಕಳೆದ ಮೇಲೆ ಕಾಲು ಊದಿಕೊಂಡಿತ್ತು, ಕಿರುಬೆರಳ ಹತ್ರ ಕೀವು ತುಂಬಿತ್ತು. ತುಮಕೂರಿಗೆ ಕರ್ಕೊಂಡು ಹೋದ್ವಿ.

ರಕ್ತದ ರಿಪೋರ್ಟ್ ನನ್ನ ಕೈಗೇ ಬಂತು. ಬಿಳಿ ರಕ್ತಕಣ 18 ಸಾವಿರ. ಸಾಮಾನ್ಯವಾಗಿ ಇರಬೇಕಾದ್ದು 4 ಸಾವಿರದಿಂದ 11 ಸಾವಿರ. ಬಿಳಿ ಕಣ ಅಂದ್ರೆ ಸೈನಿಕರು ಅಂತ ಸ್ಕೂಲಲ್ಲಿ ಓದಿದ್ದೆ. ಇಷ್ಟೊಂದು ಸೈನಿಕರಿದ್ರೂ ಗಾಯ ಯಾಕೆ ಮಾಯ್ತಿಲ್ಲ ಅಂತ ಲ್ಯಾಬಲ್ಲಿದ್ದವರನ್ನ ಕೇಳಿದೆ. ಮೆಷಿನ್ ತಲೆ ಎಣಿಸುತ್ತೆ ಅಷ್ಟೇ, ಆ ಕಣಗಳು ಕೆಲಸ ಮಾಡ್ತಿವೆಯಾ ಇಲ್ವಾ ಅನ್ನೋದು ಈ ರಿಪೋರ್ಟಲ್ಲಿ ಬರಲ್ಲ ಅಂದ್ರು. ನಮ್ಮ ಅಟೆಂಡೆನ್ಸ್ ಥರಾನೇ. ಶೇ. 85 ಇದೆ ಅಂದ್ರೆ ಕ್ಲಾಸಲ್ಲಿ ಕೂತಿದ್ವಿ ಅಂತ ಅರ್ಥ, ಕಲಿತ್ವಿ ಅಂತಲ್ಲ.

ಹಾಗಾದ್ರೆ ಆ ಕಣಗಳ ಕೆಲಸ ಏನು, ಅದನ್ನ ನೋಡೋದು ಹೇಗೆ? ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ಇನ್ನೊಂದು ಮುಳ್ಳು, ಅದನ್ನ ಬೇಕಂತಲೇ ಚುಚ್ಚಿದ ಒಬ್ಬ ಮನುಷ್ಯ. ಅವರ ಹೆಸರು ಇಲ್ಯಾ ಮೆಚ್ನಿಕಾಫ್.

ಹತ್ತೊಂಬತ್ತಕ್ಕೆ ಡಿಗ್ರಿ

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಆಗಿನ ರಷ್ಯನ್ ಸಾಮ್ರಾಜ್ಯದ ಖಾರ್ಕಿವ್ ಹತ್ತಿರದ ಹಳ್ಳಿಯಲ್ಲಿ. ಆ ಜಾಗ ಈಗ ಉಕ್ರೇನ್‌ನಲ್ಲಿದೆ. ಮನೆಯಲ್ಲಿ ಕೊನೇ ಮಗ. ಚಿಕ್ಕಂದಿನಿಂದ ಗಿಡ, ಹುಳ ಅಂದ್ರೆ ಹುಚ್ಚು. ಖಾರ್ಕಿವ್ ಯೂನಿವರ್ಸಿಟಿಯ ನಾಲ್ಕು ವರ್ಷದ ಕೋರ್ಸನ್ನ ಎರಡೇ ವರ್ಷಕ್ಕೆ ಮುಗಿಸಿ 1864ರಲ್ಲಿ ಹೊರಬಂದರು. ಆಗ ವಯಸ್ಸು 19. ನನಗೂ ಈಗ 19, ಎರಡು ವರ್ಷದಲ್ಲಿ ನಾನು ಮುಗಿಸಿರೋದು ಮೂರು ಸೆಮಿಸ್ಟರ್, ಒಂದು ಬ್ಯಾಕ್‌ಲಾಗ್ ಬಾಕಿ. ಈ ಹೋಲಿಕೆ ಇಲ್ಲಿಗೇ ನಿಲ್ಲಿಸ್ತೀನಿ.

ಆಮೇಲೆ ಜರ್ಮನಿ, ಇಟಲಿಯ ನೇಪಲ್ಸ್ ಅಂತ ಸಮುದ್ರ ತೀರಗಳಲ್ಲಿ ಓಡಾಡಿ ಬೆನ್ನೆಲುಬಿಲ್ಲದ ಸಣ್ಣ ಪ್ರಾಣಿಗಳ ಭ್ರೂಣ ಹೇಗೆ ಬೆಳೆಯುತ್ತೆ ಅಂತ ಓದಿದರು. 25 ವರ್ಷಕ್ಕೆ ಒಡೆಸ್ಸಾದಲ್ಲಿ ಪ್ರೊಫೆಸರ್ ಆದರು. ಅವರು ಡಾಕ್ಟರ್ ಅಲ್ಲ, ಪ್ರಾಣಿಶಾಸ್ತ್ರದ ಮೇಷ್ಟ್ರು. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಎರಡು ಸಲ ಸೋತದ್ದು

ಕೆಲಸ ಚೆನ್ನಾಗಿತ್ತು, ಬದುಕು ಚೆನ್ನಾಗಿರಲಿಲ್ಲ. 1869ರಲ್ಲಿ ಲುದ್ಮಿಲಾ ಅನ್ನೋವರನ್ನ ಮದುವೆಯಾದರು. ಮದುವೆ ದಿನವೇ ಆಕೆಗೆ ಎಷ್ಟು ನಿತ್ರಾಣ ಅಂದ್ರೆ, ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ಕೊಂಡು ಹೋಗಬೇಕಾಯ್ತು. ಕಾಯಿಲೆ ಕ್ಷಯ. ಆಗ ಅದಕ್ಕೆ ಔಷಧಿ ಇರಲಿಲ್ಲ, ಬೆಚ್ಚಗಿನ ಊರಿಗೆ ಹೋಗಿ ಅನ್ನೋದೇ ಚಿಕಿತ್ಸೆ. ಊರಿಂದ ಊರಿಗೆ ಕರ್ಕೊಂಡು ಅಲೆದರು. 1873ರಲ್ಲಿ ಮಡೀರಾ ದ್ವೀಪದಲ್ಲಿ ಆಕೆ ತೀರಿಕೊಂಡರು. ಮೆಚ್ನಿಕಾಫ್‌ಗೆ ಅಷ್ಟೊತ್ತಿಗೆ ಕಣ್ಣಿನ ತೊಂದರೆಯೂ ಶುರುವಾಗಿ ಮೈಕ್ರೋಸ್ಕೋಪ್ ನೋಡೋದೂ ಕಷ್ಟವಾಗಿತ್ತು. ಬದುಕು ಮುಗಿಸಿಕೊಳ್ಳೋ ಪ್ರಯತ್ನ ಮಾಡಿದರು. ಉಳಿದುಕೊಂಡರು.

ಆ ದಿನಗಳ ಒಂದು ಘಟನೆ ನನಗೆ ತುಂಬಾ ಕಾಡಿತು. ಮನಸ್ಸು ಪೂರ್ತಿ ಕುಸಿದಿದ್ದಾಗ ಒಂದು ದೀಪದ ಸುತ್ತ ಹುಳಗಳು ಮುತ್ತಿಕೊಂಡಿರೋದು ಅವರಿಗೆ ಕಾಣಿಸುತ್ತೆ. ಇಷ್ಟು ಕಡಿಮೆ ಹೊತ್ತು ಬದುಕೋ ಹುಳಗಳಿಗೆ ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ ಹೇಗೆ ಅನ್ವಯಿಸುತ್ತೆ ಅಂತ ತಲೆಯಲ್ಲಿ ಪ್ರಶ್ನೆ ಏಳುತ್ತೆ. ಪ್ರಶ್ನೆ ಬಂದ ಮೇಲೆ ಉತ್ತರ ಹುಡುಕಬೇಕಲ್ಲ, ಮತ್ತೆ ಕೆಲಸಕ್ಕೆ ಮರಳಿದರು.

1875ರಲ್ಲಿ ಓಲ್ಗಾ ಅವರನ್ನ ಮದುವೆಯಾದರು. 1880ರಲ್ಲಿ ಓಲ್ಗಾಗೆ ಜೋರು ಟೈಫಾಯ್ಡ್ ಬಂತು. ಅದರ ಬೆನ್ನಿಗೇ ಮೆಚ್ನಿಕಾಫ್ ಮರುಕಳಿಸುವ ಜ್ವರ ಇದ್ದ ರೋಗಿಯ ರಕ್ತವನ್ನ ತಮಗೇ ಚುಚ್ಚಿಕೊಂಡರು. ಆ ಜ್ವರ ರಕ್ತದಿಂದ ಹರಡುತ್ತಾ ಅಂತ ಪರೀಕ್ಷಿಸೋಕೆ ಅನ್ನೋದು ಒಂದು ಕಾರಣ, ಜೀವದ ಮೇಲಿನ ಬೇಸರ ಇನ್ನೊಂದು. ಜ್ವರ ಬಂತು, ಸಾಯೋ ಹಾಗಾಯ್ತು, ಮತ್ತೆ ಬದುಕಿದರು. ವಿಚಿತ್ರ ಅಂದ್ರೆ ಈ ಎರಡನೇ ಸಲ ಎದ್ದ ಮೇಲೆ ಅವರಿಗೆ ಬದುಕಿನ ಮೇಲೆ ಆಸೆ ಹೆಚ್ಚಾಯ್ತು, ಕೊನೇವರೆಗೂ ಕಮ್ಮಿಯಾಗಲಿಲ್ಲ. ನಮ್ಮ ಹಾಸ್ಟೆಲಲ್ಲಿ ಯಾರಿಗಾದ್ರೂ ಎಲ್ಲಾ ಮುಗೀತು ಅನ್ನಿಸಿದ್ರೆ ದಯವಿಟ್ಟು ಪಕ್ಕದ ರೂಮಿನ ಬಾಗಿಲು ತಟ್ಟಿ. ಮೆಚ್ನಿಕಾಫ್ ಅವರ ದೊಡ್ಡ ಕೆಲಸ ಎಲ್ಲಾ ಇದಾದ ಮೇಲೆ ಆಗಿದ್ದು.

ಮೆಸ್ಸಿನಾದ ರಾತ್ರಿ

1881ರಲ್ಲಿ ರಷ್ಯಾದ ಚಕ್ರವರ್ತಿಯ ಕೊಲೆಯಾಯ್ತು. ಯೂನಿವರ್ಸಿಟಿಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಯ್ತು. ಬೇಸತ್ತ ಮೆಚ್ನಿಕಾಫ್ 1882ರಲ್ಲಿ ರಾಜೀನಾಮೆ ಕೊಟ್ಟು, ಸಂಸಾರ ಕಟ್ಕೊಂಡು ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾಗೆ ಹೋದರು. ಸಮುದ್ರದ ದಡದ ಮನೆ, ಡ್ರಾಯಿಂಗ್ ರೂಮೇ ಲ್ಯಾಬು.

ಒಂದಿನ ಮನೆಯವರೆಲ್ಲ ಸರ್ಕಸ್ಸಲ್ಲಿ ಕೋತಿಗಳ ಆಟ ನೋಡೋಕೆ ಹೋಗಿದ್ದರು. ಮೆಚ್ನಿಕಾಫ್ ಒಬ್ಬರೇ ಮೈಕ್ರೋಸ್ಕೋಪಲ್ಲಿ ನಕ್ಷತ್ರ ಮೀನಿನ ಮರಿಗಳನ್ನ ನೋಡ್ತಿದ್ದರು. ಆ ಮರಿಗಳು ಗಾಜಿನ ಹಾಗೆ ಪಾರದರ್ಶಕ, ಒಳಗೆ ಓಡಾಡೋ ಕಣಗಳು ಹಾಗೇ ಕಾಣುತ್ತವೆ. ಈ ಕಣಗಳು ಆಹಾರದ ಚೂರುಗಳನ್ನ ನುಂಗೋದು ಅವರಿಗೆ ಗೊತ್ತಿತ್ತು. ಆವತ್ತು ಇದ್ದಕ್ಕಿದ್ದ ಹಾಗೆ ಹೊಳೆದದ್ದು ಇಷ್ಟು: ಈ ಕಣಗಳು ಊಟಕ್ಕೆ ಮಾತ್ರ ಅಲ್ಲ, ಹೊರಗಿಂದ ನುಗ್ಗಿದ ಶತ್ರುವನ್ನ ಎದುರಿಸೋಕೂ ಇರಬಹುದಲ್ವಾ? ಹಾಗಿದ್ರೆ ಮೈಗೆ ಏನಾದ್ರೂ ಚುಚ್ಚಿದಾಗ ಇವು ಅದರ ಸುತ್ತ ಬಂದು ಸೇರಬೇಕು.

ತೋಟಕ್ಕೆ ಹೋಗಿ ಕೆಲವು ಗುಲಾಬಿ ಮುಳ್ಳು ಕಿತ್ಕೊಂಡು ಬಂದು ಮರಿಗಳ ಚರ್ಮದ ಕೆಳಗೆ ಸಿಕ್ಕಿಸಿದರು. ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಸುಕಲ್ಲೇ ಎದ್ದು ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು.

ನಮ್ಮ ಕಾಲಿಗೆ ಮುಳ್ಳು ಚುಚ್ಚಿದಾಗ ಕೀವು ಯಾಕೆ ಬರುತ್ತೆ ಅನ್ನೋದಕ್ಕೆ ಉತ್ತರ ಇದೇ. ಆಗಲೂ ಕೀವಲ್ಲಿ ಬಿಳಿ ಕಣ ಇರುತ್ತೆ ಅಂತ ಡಾಕ್ಟರುಗಳಿಗೆ ಗೊತ್ತಿತ್ತು. ಆದ್ರೆ ಬಹಳ ಜನ ಅದನ್ನ ಉಲ್ಟಾ ತಿಳಿದಿದ್ದರು. ಬಿಳಿ ಕಣಗಳ ಒಳಗೆ ಬ್ಯಾಕ್ಟೀರಿಯಾ ಕಂಡ್ರೆ, ರೋಗವನ್ನ ಮೈಯೆಲ್ಲಾ ಹೊತ್ಕೊಂಡು ಹೋಗೋದೇ ಇವು ಅಂದ್ಕೊಂಡಿದ್ದರು. ಕಳ್ಳನ ಜೊತೆ ಪೊಲೀಸಪ್ಪನ್ನ ನೋಡಿ ಇಬ್ಬರೂ ಪಾರ್ಟ್ನರ್ಸ್ ಅಂದ್ಕೊಂಡ ಹಾಗೆ.

ಈ ಕಣಗಳಿಗೆ ಫ್ಯಾಗೊಸೈಟ್, ಅಂದ್ರೆ ನುಂಗುವ ಕಣ, ಅನ್ನೋ ಗ್ರೀಕ್ ಹೆಸರು ಬಂದದ್ದು ವಿಯೆನ್ನಾದ ಪ್ರಾಣಿಶಾಸ್ತ್ರಜ್ಞ ಕ್ಲೌಸ್ ಅವರ ಸಲಹೆಯಿಂದ. 1884ರಲ್ಲಿ ಮೆಚ್ನಿಕಾಫ್ ಡಾಫ್ನಿಯಾ ಅನ್ನೋ ನೀರಿನ ಸಣ್ಣ ಪ್ರಾಣಿಯ ಮೇಲಿನ ಕೆಲಸ ಪ್ರಕಟಿಸಿದರು. ಅದರ ಹೊಟ್ಟೆಗೆ ಸೇರಿದ ಒಂದು ಶಿಲೀಂಧ್ರದ ಸೂಜಿಯಂಥ ಬೀಜಕಗಳನ್ನ ಕಣಗಳು ಸುತ್ತುವರಿದು ಕರಗಿಸಿದರೆ ಪ್ರಾಣಿ ಬದುಕುತ್ತೆ, ಕಣಗಳು ಸೋತರೆ ಸಾಯುತ್ತೆ. ಯುದ್ಧದ ಎರಡೂ ಕಡೆಯನ್ನ ಕಣ್ಣಾರೆ ಕಂಡಿದ್ದರು.

ಕುರಿಗಳ ಸಾವು, ಪ್ಯಾರಿಸ್‌ನ ದಾರಿ

1886ರಲ್ಲಿ ಒಡೆಸ್ಸಾದಲ್ಲಿ ಬ್ಯಾಕ್ಟೀರಿಯಾ ಸಂಶೋಧನಾ ಕೇಂದ್ರ ಶುರುವಾಯ್ತು, ಮೆಚ್ನಿಕಾಫ್ ಅದರ ಮುಖ್ಯಸ್ಥರಾದರು. ಊರಿನ ಡಾಕ್ಟರುಗಳಿಗೆ ಸಿಟ್ಟು, ಡಾಕ್ಟರಲ್ಲದವರು ಕಾಯಿಲೆ ಬಗ್ಗೆ ಹೇಳೋದಾ ಅಂತ. ಅಷ್ಟರಲ್ಲಿ ದೊಡ್ಡ ಅನಾಹುತ ಆಯ್ತು. ಮೆಚ್ನಿಕಾಫ್ ಊರಲ್ಲಿ ಇಲ್ಲದಾಗ ಕುರಿಗಳಿಗೆ ಆಂಥ್ರಾಕ್ಸ್ ಲಸಿಕೆ ಹಾಕಿಸಿದ್ದರು, ಸಾವಿರಾರು ಕುರಿ ಸತ್ತುಹೋದವು. ಶಿರಾ, ಪಾವಗಡ ಕಡೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಕುರಿ ಅಂದ್ರೆ ಬರಗಾಲದಲ್ಲಿ ಉಳಿಯೋ ಒಂದೇ ದುಡ್ಡು.

ಅಲ್ಲಿರೋಕೆ ಆಗದೆ 1888ರಲ್ಲಿ ಪ್ಯಾರಿಸ್‌ಗೆ ಹೋಗಿ ಲೂಯಿ ಪಾಶ್ಚರ್ ಅವರನ್ನ ಕಂಡರು. ಪಾಶ್ಚರ್ ತಮ್ಮ ಹೊಸ ಸಂಸ್ಥೆಯಲ್ಲಿ ಜಾಗ ಕೊಟ್ಟರು. ಮುಂದಿನ 28 ವರ್ಷ ಮೆಚ್ನಿಕಾಫ್ ಅಲ್ಲೇ.

ಜರ್ಮನಿಯ ವಿಜ್ಞಾನಿಗಳು ಮಾತ್ರ ಒಪ್ಪಲಿಲ್ಲ. ರೋಗ ತಡೆಯೋದು ಕಣಗಳಲ್ಲ, ರಕ್ತದ ದ್ರವ ಅನ್ನೋದು ಅವರ ವಾದ. ಅದಕ್ಕೆ ಗಟ್ಟಿ ಸಾಕ್ಷಿಯೂ ಇತ್ತು. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ, ರೋಗದ ವಿಷವನ್ನ ಸೀರಮ್ಮೇ ನಿಷ್ಕ್ರಿಯ ಮಾಡುತ್ತೆ ಅಂತ ತೋರಿಸಿದರು. ಪ್ರತಿ ಸಲ ಅಂಥ ಪೇಪರ್ ಬಂದಾಗ ಮೆಚ್ನಿಕಾಫ್ ಮತ್ತೆ ಪ್ರಯೋಗಕ್ಕೆ ಕೂತು ಉತ್ತರ ಬರೀತಿದ್ದರು. ಹೀಗೆ ಹೆಚ್ಚುಕಮ್ಮಿ 25 ವರ್ಷ. 1903ರಲ್ಲಿ ಲಂಡನ್ನಿನ ಆಲ್ಮ್ರೋತ್ ರೈಟ್, ರಕ್ತದ ದ್ರವದಲ್ಲಿರೋ ಕೆಲವು ವಸ್ತುಗಳು ಬ್ಯಾಕ್ಟೀರಿಯಾಗೆ ಅಂಟಿಕೊಂಡ ಮೇಲೆ ಕಣಗಳು ಅದನ್ನ ಸುಲಭವಾಗಿ ನುಂಗುತ್ತವೆ ಅಂತ ತೋರಿಸಿದರು. ಎರಡೂ ಕಡೆಯವರು ಅರ್ಧರ್ಧ ಸರಿ ಅಂತಾಯ್ತು. 1908ರ ನೊಬೆಲ್ ಬಹುಮಾನವನ್ನೂ ಮೆಚ್ನಿಕಾಫ್ ಮತ್ತು ಎದುರು ಪಕ್ಷದ ಪಾಲ್ ಎರ್ಲಿಕ್ ಇಬ್ಬರಿಗೂ ಸೇರಿಸಿಯೇ ಕೊಟ್ಟರು.

ಇವರಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಒಡೆಸ್ಸಾದಲ್ಲಿ ಇವರ ಶಿಷ್ಯ ಆಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಗುರುವಿನ ಹಿಂದೆಯೇ ಪ್ಯಾರಿಸ್‌ಗೆ ಹೋದರು. ಅಲ್ಲಿಂದ 1893ರಲ್ಲಿ ಭಾರತಕ್ಕೆ ಬಂದರು. ಮುಂಬೈಗೆ ಪ್ಲೇಗ್ ಬಂದಾಗ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಪ್ಲೇಗ್ ಬೆಂಗಳೂರಿಗೂ ಬಂತು, ಹುಬ್ಬಳ್ಳಿಗೂ ಬಂತು. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ತಮಗೇ ಮೊದಲು ಚುಚ್ಚಿಕೊಳ್ಳೋ ಬುದ್ಧಿ ಗುರುವಿಂದಲೇ ಬಂದಿತ್ತು ಅಂತ ಕಾಣುತ್ತೆ.

ಮೊಸರಿನ ಮುದುಕ

ಕೊನೇ ವರ್ಷಗಳಲ್ಲಿ ಮೆಚ್ನಿಕಾಫ್ ಜಗತ್ತಿಗೆಲ್ಲಾ ಗೊತ್ತಾಗಿದ್ದು ಬಿಳಿ ಕಣಗಳಿಂದ ಅಲ್ಲ, ಮೊಸರಿಂದ. ದೊಡ್ಡ ಕರುಳಲ್ಲಿ ಕೊಳೆಯೋ ಪದಾರ್ಥದ ವಿಷದಿಂದಲೇ ಬೇಗ ಮುಪ್ಪು ಬರುತ್ತೆ, ಹುಳಿ ಹಾಲಿನ ಬ್ಯಾಕ್ಟೀರಿಯಾ ಅದನ್ನ ತಡೆಯುತ್ತೆ ಅನ್ನೋದು ಅವರ ಅಭಿಪ್ರಾಯ. ಬಲ್ಗೇರಿಯಾದ ರೈತರ ದೀರ್ಘಾಯುಷ್ಯವನ್ನ ಉದಾಹರಣೆ ಕೊಡ್ತಿದ್ದರು. ಮುದ್ದೆ ಉಂಡು ಮೇಲೆ ಮಜ್ಜಿಗೆ ಕುಡಿಯೋ ನಮಗೆ ಇದರಲ್ಲಿ ಹೊಸದೇನಿಲ್ಲ, ಪ್ಯಾರಿಸ್‌ನವರು ಮಾತ್ರ ಅಂಗಡಿಗೆ ಮುಗಿಬಿದ್ದರು. ಕರುಳಿನ ಬ್ಯಾಕ್ಟೀರಿಯಾ ಆರೋಗ್ಯಕ್ಕೆ ಮುಖ್ಯ ಅನ್ನೋದು ಇವತ್ತು ಎಲ್ಲರೂ ಒಪ್ಪೋ ಮಾತು. ಮೊಸರು ತಿಂದ್ರೆ ನೂರು ವರ್ಷ ಬದುಕ್ತೀವಿ ಅನ್ನೋದು ಮಾತ್ರ ಸಾಬೀತಾಗಲಿಲ್ಲ.

1909ರಲ್ಲಿ ರಷ್ಯಾಗೆ ಹೋದಾಗ ಟಾಲ್‌ಸ್ಟಾಯ್ ಮನೆಗೆ ಹೋಗಿ ಒಂದು ದಿನ ಕಳೆದರು. ಮೆಚ್ನಿಕಾಫ್ ಅವರ ಅಣ್ಣ ಇವಾನ್ ಜಡ್ಜ್ ಆಗಿದ್ದವರು, ಕಾಯಿಲೆಯಿಂದ ತೀರಿಕೊಂಡಿದ್ದರು. ಅವರ ಸಾವಿನ ಸುದ್ದಿಯೇ ಟಾಲ್‌ಸ್ಟಾಯ್‌ಗೆ ಇವಾನ್ ಇಲಿಚ್‌ನ ಸಾವು ಕಥೆ ಬರೆಯೋಕೆ ಪ್ರೇರಣೆ.

1916ರ ಜುಲೈನಲ್ಲಿ, ಮೊದಲ ಮಹಾಯುದ್ಧದ ನಡುವೆ, ಹೃದಯದ ತೊಂದರೆಯಿಂದ ಮೆಚ್ನಿಕಾಫ್ ಪ್ಯಾರಿಸ್‌ನಲ್ಲಿ ತೀರಿಕೊಂಡರು. 71 ವರ್ಷ. ಅವರ ಚಿತಾಭಸ್ಮ ಪಾಶ್ಚರ್ ಸಂಸ್ಥೆಯ ಲೈಬ್ರರಿಯಲ್ಲಿದೆ.

ಅವರಿಗೆ ಕಾಣದೇ ಇದ್ದದ್ದು

ಕಣ ಬರೋದನ್ನ ಮೆಚ್ನಿಕಾಫ್ ನೋಡಿದರು. ನುಂಗೋದನ್ನ ನೋಡಿದರು. ನುಂಗಿದ ಮೇಲೆ ಯಾವುದರಿಂದ ಸಾಯಿಸುತ್ತೆ? ಕರಗಿಸೋ ಕಿಣ್ವಗಳು, ಅಂದ್ರೆ ಎನ್‌ಜೈಮ್‌ಗಳು ಇರಬೇಕು ಅಂತ ಅವರು ಹೇಳಿದ್ದರು. ದಾರಿ ಸರಿ ಇತ್ತು, ಆದ್ರೆ ಅದರಲ್ಲಿ ಮುಖ್ಯವಾದ ಒಂದು ಸಿಗೋಕೆ ಇನ್ನೂ ಐವತ್ತು ವರ್ಷ ಬೇಕಾಯ್ತು.

1930ರ ದಶಕದಲ್ಲಿ ಬಿಳಿ ಕಣಗಳು ಬ್ಯಾಕ್ಟೀರಿಯಾ ನುಂಗುವಾಗ ಇದ್ದಕ್ಕಿದ್ದ ಹಾಗೆ ಹೆಚ್ಚು ಆಮ್ಲಜನಕ ಎಳ್ಕೊಳ್ತವೆ ಅಂತ ಗೊತ್ತಾಯ್ತು. ನುಂಗೋ ಶ್ರಮಕ್ಕೆ ಇರಬೇಕು ಅಂದ್ಕೊಂಡರು. 1941ರಲ್ಲಿ ಸ್ವೀಡನ್ನಿನ ಶೆಲ್ ಆಗ್ನರ್ ಕೀವಿಂದ ಒಂದು ಹಸಿರು ಬಣ್ಣದ ಕಿಣ್ವ ಬೇರ್ಪಡಿಸಿದರು. ಅದರ ಈಗಿನ ಹೆಸರು ಮಯಲೋಪೆರಾಕ್ಸಿಡೇಸ್. ನೆಗಡಿ ಬಲಿತಾಗ ಕಫ ಹಸಿರಾಗುತ್ತಲ್ಲ, ಆ ಬಣ್ಣ ಇದರದ್ದೇ. 1961ರಲ್ಲಿ ಅಯ್ಯರ್, ಇಸ್ಲಾಂ ಮತ್ತು ಕ್ವಾಸ್ಟೆಲ್ ಅನ್ನೋ ಮೂವರು ನುಂಗೋ ಕಣಗಳು ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸ್ತವೆ ಅಂತ ತೋರಿಸಿದರು. 1973ರಲ್ಲಿ ಬೇಬಿಯರ್ ಮತ್ತು ಜೊತೆಗಾರರು ಅದಕ್ಕೂ ಮುಂಚೆ ಸೂಪರಾಕ್ಸೈಡ್ ಹುಟ್ಟುತ್ತೆ ಅಂತ ಕಂಡುಕೊಂಡರು.

ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಕಣದ ಪೊರೆಯಲ್ಲಿ ಒಂದು ಎಲೆಕ್ಟ್ರಾನ್ ಪಂಪ್ ಇದೆ. ಅದು ಆಮ್ಲಜನಕಕ್ಕೆ ಎಲೆಕ್ಟ್ರಾನ್ ತಳ್ಳುತ್ತೆ, ಸೂಪರಾಕ್ಸೈಡ್ ಆಗುತ್ತೆ, ಅದರಿಂದ ಪೆರಾಕ್ಸೈಡ್. ಆ ಪೆರಾಕ್ಸೈಡನ್ನ ನಮ್ಮ ಮೈಯ ಉಪ್ಪಿನ ಕ್ಲೋರೈಡ್ ಜೊತೆ ಸೇರಿಸಿ ಹಸಿರು ಕಿಣ್ವ ಹೈಪೋಕ್ಲೋರಸ್ ಆಮ್ಲ ಮಾಡುತ್ತೆ. ಊರಲ್ಲಿ ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರಲ್ಲಿ ಹುಟ್ಟೋದೂ ಇದೇ ಆಮ್ಲ. ಪಂಚಾಯ್ತಿ ಟ್ಯಾಂಕಲ್ಲಿ ಮಾಡೋ ಕೆಲಸವನ್ನ ಒಂದೊಂದು ಬಿಳಿ ಕಣವೂ ತನ್ನ ಹೊಟ್ಟೆಯೊಳಗೆ ಮಾಡ್ಕೊಳ್ಳುತ್ತೆ!

ಈ ಪಂಪ್ ಕೆಟ್ಟರೆ? ಹಾಗೆ ಹುಟ್ಟೋ ಮಕ್ಕಳಿದ್ದಾರೆ. ಅಮೆರಿಕದ ಲೆಕ್ಕದಲ್ಲಿ ಸುಮಾರು 2 ಲಕ್ಷಕ್ಕೆ ಒಬ್ಬರು. ಅವರ ಬಿಳಿ ಕಣಗಳ ಸಂಖ್ಯೆ ಕಮ್ಮಿ ಇರಲ್ಲ, ನೋಡೋಕೂ ಚೆನ್ನಾಗಿರ್ತವೆ, ನುಂಗುತ್ತವೆ ಕೂಡ. ಸಾಯಿಸೋಕೆ ಮಾತ್ರ ಆಗಲ್ಲ. ಮಗುವಿಗೆ ಒಂದರ ಮೇಲೊಂದು ಸೋಂಕು, ಅಲ್ಲಲ್ಲಿ ಗಂಟು, ಕೀವು. ಎಣಿಸಿದ್ರೆ ಇದು ಎಂದೂ ಗೊತ್ತಾಗಲ್ಲ.

ಅದಕ್ಕೇ 1960ರ ದಶಕದ ಕೊನೆಯಲ್ಲಿ ಬೇನರ್ ಮತ್ತು ನೇಥನ್ ಒಂದು ಬಣ್ಣದ ಪರೀಕ್ಷೆ ತಂದರು. ಕೆಲವೇ ಹನಿ ರಕ್ತ ಸಾಕು. ಅದರಲ್ಲಿನ ಬಿಳಿ ಕಣಗಳನ್ನ ಕೆಣಕಿ, ಎನ್‌ಬಿಟಿ ಅನ್ನೋ ತಿಳಿ ಹಳದಿ ದ್ರವ ಸೇರಿಸ್ತಾರೆ. ಪಂಪ್ ಕೆಲಸ ಮಾಡ್ತಿದ್ರೆ ಸೂಪರಾಕ್ಸೈಡ್ ಆ ಹಳದಿಯನ್ನ ಕಡು ನೀಲಿ ಮಾಡುತ್ತೆ, ಮೈಕ್ರೋಸ್ಕೋಪಲ್ಲಿ ಕಣದೊಳಗೆ ನೀಲಿ ಹರಳು ಕಾಣುತ್ತೆ. ಪಂಪ್ ಇಲ್ಲದಿದ್ರೆ ಬಣ್ಣ ಬದಲಾಗಲ್ಲ. ಈ ರೋಗ ತಾಯಿಯಿಂದ ಗಂಡು ಮಗುವಿಗೆ ಬಂದಿದ್ದರೆ, ಆ ತಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ಕೆಲವು ಕಣ ನೀಲಿ, ಕೆಲವು ಕಣ ಖಾಲಿ. ಈಗ ಡಿಎಚ್‌ಆರ್ ಅನ್ನೋ ಇನ್ನೊಂದು ವಸ್ತು ಬಳಸ್ತಾರೆ. ಅದು ಕಣದೊಳಗೆ ಹಸಿರಾಗಿ ಹೊಳೆಯುತ್ತೆ, ಲೇಸರ್ ಇರೋ ಯಂತ್ರ ಒಂದೊಂದೇ ಕಣದ ಹೊಳಪು ಅಳೆಯುತ್ತೆ. ಮೆಸ್ಸಿನಾದಲ್ಲಿ ಒಂದು ರಾತ್ರಿ ಕಾದು ನೋಡಿದ್ದರ ಮುಂದಿನ ಭಾಗವನ್ನ ಈಗ ನಿಮಿಷಗಳಲ್ಲಿ ಸಾವಿರಾರು ಕಣಗಳಲ್ಲಿ ನೋಡಬಹುದು.

ಮತ್ತೆ ಅಜ್ಜಿ

ಅಜ್ಜಿಗೆ ಆ ರೋಗ ಇರಲಿಲ್ಲ, ಆ ಪರೀಕ್ಷೆಯೂ ಬೇಕಿರಲಿಲ್ಲ. ಅವರದ್ದು ಶುಗರ್. ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿ ಕಣಗಳ ಕೊಲ್ಲೋ ಶಕ್ತಿ ಕುಂದುತ್ತೆ, ಪಾದಕ್ಕೆ ರಕ್ತವೂ ಸರಿಯಾಗಿ ಹರಿಯಲ್ಲ, ನೋವು ಗೊತ್ತಾಗಲ್ಲ. ಮೂರೂ ಸೇರಿ ಒಂದು ಜಾಲಿ ಮುಳ್ಳು ಅಜ್ಜಿಯ ಕಿರುಬೆರಳು ತಗೊಂಡು ಹೋಯ್ತು. ಆಪರೇಷನ್ ಆದ ಮೇಲೆ ಸಕ್ಕರೆ ಹತೋಟಿಗೆ ಬಂತು, ಗಾಯ ನಿಧಾನಕ್ಕೆ ಮಾಯ್ತು. 18 ಸಾವಿರ ಇದ್ದದ್ದು 9 ಸಾವಿರಕ್ಕೆ ಇಳಿಯಿತು. ಕಮ್ಮಿ ಜನ, ಆದ್ರೆ ಕೆಲಸ ಮಾಡೋ ಜನ.

ಮೆಚ್ನಿಕಾಫ್ ಮುಳ್ಳು ಚುಚ್ಚಿದ ಕಥೆ ಅಜ್ಜಿಗೆ ಹೇಳಿದೆ. ಪಾಪ, ಮೀನಿನ ಮರಿಗೆ ಯಾಕೆ ಚುಚ್ಚಬೇಕಿತ್ತು, ನಮ್ಮ ಹೊಲಕ್ಕೆ ಬಂದಿದ್ರೆ ಚುಚ್ಚಿಸಿಕೊಂಡವರು ಬೇಕಾದಷ್ಟು ಜನ ಸಿಗ್ತಿದ್ರಲ್ಲ ಅಂದ್ರು. ಈಗ ಮನೆಯೊಳಗೂ ಚಪ್ಪಲಿ ಹಾಕ್ತಾರೆ. ನಾನು ಊರಿಗೆ ಹೋದಾಗೆಲ್ಲ ಅವರ ಎರಡೂ ಪಾದ ತಿರುಗಿಸಿ, ಬೆರಳ ಸಂದಿಯೆಲ್ಲಾ ನೋಡ್ತೀನಿ. ನೀವೂ ಈ ರಜೆಗೆ ಹೋದಾಗ ಮನೇಲಿ ಶುಗರ್ ಇರೋ ಅಜ್ಜಿ ತಾತ ಇದ್ರೆ ಕಾಲು ನೋಡಿ. ಅವರಿಗೆ ಗೊತ್ತಾಗದೇ ಇರೋ ಮುಳ್ಳು ನಿಮ್ಮ ಕಣ್ಣಿಗಾದ್ರೂ ಬೀಳಲಿ.